ಹಾಳೆ ಸುತ್ತಿದ ಶೀಶೆ

ಬೆಳಗ್ಗೆ ಎಂಟಕ್ಕೆ ಮತ್ತಿಕೆರೆಯಿಂದ ನಡೆದು ಬರುತ್ತೇನೆ.
ಎರಡನೇ ಮಹಡಿ, ಕತ್ತಲ ಕೋಣೆ,
ಬೀಗದ ಕೈ ನನ್ನ ಸೆರಗಿನ ಗಂಟಲ್ಲಿ.
ಒಳಗೊಂದು ಕೆಂಪು ದೀಪ,
ಕುಂಕುಮ ಕದಡಿದ ನೀರಿನಷ್ಟೇ ಬೆಳಕು.
ಅದರಲ್ಲಿ ಶೀಶೆ ತೊಳೆಯುವುದನ್ನು ಕೈ ಕಲಿತಿದೆ,
ಕಣ್ಣಿನ್ನೂ ಕಲಿತಿಲ್ಲ.

ಇಲ್ಲಿ ಎಲ್ಲಕ್ಕೂ ಅಲ್ಯೂಮಿನಿಯಂ ಹಾಳೆ ಸುತ್ತಬೇಕು.
ನನ್ನ ಡಬ್ಬಿಯ ಚಪಾತಿಗೂ ಅದೇ.
ಚಪಾತಿ ಬಿಸಿ ಬಿಡಬಾರದು,
ಶೀಶೆ ಬೆಳಕು ಕಾಣಬಾರದು.
ಒಂದೇ ಸುರುಳಿ. ಹೊರಗೆ ಹೇಳಬೇಡಿ.

ಫ್ಲೇವಿಯಾ ಮೇಡಂ
(ಮೇಡಂ ಅನ್ನಬೇಡಿ ಅನ್ನುತ್ತಾಳೆ, ನನ್ನ ಬಾಯಿ ಕೇಳಲ್ಲ)
ಒಂದು ಮಧ್ಯಾಹ್ನ ತನ್ನ ತೋಳನ್ನೇ ಚಾಚಿ ತೋರಿಸಿದಳು.
"ಜಯಶೀಲಮ್ಮ, ಮದ್ದನ್ನ ಇದರೊಳಗೆ ಮುಚ್ಚಿಡ್ತೀವಿ.
ರಕ್ತದಲ್ಲಿ ತಿರುಗ್ತಾ ಇರತ್ತೆ, ಬಾಯಿ ಬಿಡಲ್ಲ.
ಗಡ್ಡೆ ಇರೋ ಕಡೆ ಮಾತ್ರ ಬೆಳಕು ಬಿಡ್ತೀವಿ.
ನೆಟ್ಟಗೆ ನಿಂತಿದ್ದ ಅಣು, ನೋಡಿ, ಹೀಗೆ, ಮೊಣಕೈ ಮಡಚತ್ತೆ.
ಗೋಡೆ ಸಡಿಲ ಆಗತ್ತೆ. ಮದ್ದು ಅಲ್ಲೇ ಇಳಿಯತ್ತೆ.
ಬೇರೆಲ್ಲೂ ಇಲ್ಲ."

ಬೇರೆಲ್ಲೂ ಇಲ್ಲ.
ದಾರಿಯುದ್ದ ಅದನ್ನೇ ಹೇಳಿಕೊಂಡು ಮನೆಗೆ ಹೋದೆ.
ನನ್ನ ತಂಗಿ ಕೆಂಪಾಜಿ,
ಪೀಣ್ಯದ ಗಾರ್ಮೆಂಟ್ಸಲ್ಲಿ ಕಾಜ ಹೊಲಿಯುವವಳು.
ಎಡ ಮೊಲೆಯಲ್ಲಿ ಅವರೆಕಾಳಷ್ಟು ಗಂಟು,
ಮದ್ದು ಮಾತ್ರ ಮೈಯೆಲ್ಲ:
ಕೂದಲಿಗೆ, ನಾಲಿಗೆಗೆ, ಉಗುರಿನ ಬುಡಕ್ಕೆ,
ಒಲೆ ಮೇಲಿನ ಸಾರಿನ ವಾಸನೆಗೂ.
ಒಬ್ಬ ಕಳ್ಳನಿಗಾಗಿ ಇಡೀ ಬೀದಿಯನ್ನು
ಠಾಣೆಗೆ ಎಳೆದೊಯ್ದ ಹಾಗೆ.

ಗುಂಡಿ ಬರುವಲ್ಲಿ ಮಾತ್ರ ಕತ್ತರಿ ಇಡುವ ಕೈ ಅವಳದು,
ಒಂದೆಳೆ ಆಚೆ ಹೋದರೆ ಅಂಗಿಯೇ ರಿಜೆಕ್ಟು.
ಬಕೆಟ್ಟಿನ ಮುಂದೆ ಬಾಯಿ ಒರೆಸಿಕೊಂಡು ಅಂದಳು:
"ಈ ಮದ್ದು ಮಾಡ್ದೋರಿಗೆ ಕಾಜ ಬರಲ್ಲ ಬಿಡಕ್ಕ."

ಕಳೆದ ಗುರುವಾರ ಬಾಗಿಲನ್ನು ಪೂರ್ತಿ ಹಾಕಿರಲಿಲ್ಲ ನಾನು.
ಕಾರಿಡಾರಿನ ಟ್ಯೂಬ್‌ಲೈಟು ಒಂದು ಗೇಣು ಒಳಬಂತು,
ನೆಲ ದಾಟಿ, ಸ್ಟೂಲು ಹತ್ತಿ,
ಹಾಳೆ ಸುತ್ತದೆ ಬಿಟ್ಟಿದ್ದ ಒಂದೇ ಒಂದು ಶೀಶೆಯ ಮೇಲೆ ಕೂತಿತು.
ಮೂರು ವಾರದ ಕೆಲಸ.
ಬಣ್ಣ ತಿರುಗಿದ್ದು ನನಗೂ ಕಂಡಿತು,
ಅಡಿಯಲ್ಲಿ ಮಡ್ಡಿ.

ಬೈಯಲಿ ಅಂತ ನಿಂತೆ. ಬೈಯಲಿಲ್ಲ.
ಹೇಗೂ ಹೋಯಿತಲ್ಲ ಅಂತ ಶೀಶೆಯನ್ನು ಕಿಟಕಿಗೆ ಹಿಡಿದು
ತುಂಬ ಹೊತ್ತು ನೋಡಿದಳು.
ಯಶವಂತಪುರದ ಕಡೆ ಯಾವುದೋ ರೈಲು ಕೂಗಿತು.
"ಅದು ತಪ್ಪೇನೂ ಮಾಡಿಲ್ಲ ಜಯಶೀಲಮ್ಮ.
ಬೆಳಕು ಬಂತು, ಬಿಚ್ಕೊಂಡಿತು.
ಅಲ್ಲಿ ಕಾಯಿಲೆಯವರು ಯಾರೂ ಇರಲಿಲ್ಲ, ಅಷ್ಟೆ."

ಸಿಂಕಿಗಲ್ಲ, ಹಳದಿ ಕ್ಯಾನಿಗೆ ಸುರಿಯಬೇಕು ಅದನ್ನು.
ಮುಚ್ಚಳ ತಿರುಗಿಸುವಾಗ ಕೈ ತಡೆಯಿತು.

ಇನ್ನೆಷ್ಟು ದಿನ ಬೇಕು ಅಂತ ಮೆಟ್ಟಿಲಲ್ಲಿ ಕೇಳಿದೆ.
"ಈಗ ಇನ್ನೂ ಇಲಿಗೆ," ಅಂದಳು.
ಆಮೇಲೆ ವರ್ಷಕ್ಕೊಂದು ಬೆರಳು ಮಡಚುತ್ತ
ಒಂದು ಕೈ ಮುಗಿದು ಇನ್ನೊಂದಕ್ಕೆ ಹೋಗಿ
ನನ್ನ ಮುಖ ನೋಡಿ ನಿಲ್ಲಿಸಿದಳು.

ರಾತ್ರಿ ನಮ್ಮ ವಠಾರದಲ್ಲಿ ಕರೆಂಟು ಹೋಗಿತ್ತು.
ಕೆಂಪಾಜಿ ಗೋಡೆಗೊರಗಿ ಕೂತಿದ್ದಳು, ತಲೆಗೆ ಟವೆಲ್ಲು.
ಮೊಬೈಲಿನ ಟಾರ್ಚು ಹಾಕಿ ಅವಳ ಅಂಗೈ ಕೆಳಗೆ ಹಿಡಿದೆ.
ಬೆರಳುಗಳೊಳಗೆ ಕತ್ತಲ ಕೋಣೆಯ ದೀಪವೇ ಹತ್ತಿತು.
ಕೆಂಪು, ಮಾಂಸದೊಳಗೆ ದೂರ ನಡೆಯುತ್ತದಂತೆ;
ನೀಲಿ ಹೊಸ್ತಿಲಲ್ಲೇ ನಿಂತುಬಿಡುತ್ತದಂತೆ.
ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ನರ ಮಾತ್ರ
ಬೆಳಕಿನಲ್ಲೂ ಕಪ್ಪಾಗಿಯೇ ಇತ್ತು.

"ಏನ್ ಹುಡುಕ್ತಿದ್ದೀಯಕ್ಕ?"
"ಎಷ್ಟು ಒಳಗೆ ಹೋಗತ್ತೆ ಅಂತ."
"ಚಾರ್ಜು ಮುಗಿಯತ್ತೆ, ಆರಿಸು," ಅಂದಳು.
ಕೈ ತೆಗೆಯಲಿಲ್ಲ.

ಬೆಳಗ್ಗೆ ಚಪಾತಿಯನ್ನು ಹಳೇ ಪೇಪರಲ್ಲಿ ಕಟ್ಟಿದೆ.
ಮನೆಗೊಯ್ದಿದ್ದ ಹಾಳೆಯ ತುಂಡನ್ನು ತೊಳೆದು, ಒರೆಸಿ,
ಸುಕ್ಕು ತೀಡಿ ವಾಪಸು ತಂದೆ.
ಹೊಸ ಶೀಶೆಗೆ ಎರಡು ಸುತ್ತು.